ಏಳು ದಿನದ ಶಿಬಿರಕ್ಕೆ ಮಗಳನ್ನು ಕಳಿಸಲೋ, ಬೇಡವೋ?

(ಕೆಂಗೇರಿ ಭಾಗದ ಸ್ವಸಹಾಯ ಸಂಘಗಳ ಜಂಟಿ ಸಭೆಯಲ್ಲಿ ಸಿಸ್ಟರ್ ಒಬ್ಬರು ಮಾಡಿದ ಭಾಷಣದ ಬರಹ ರೂಪ)



ಭಾನುವಾರ ಅಂದರೆ ನಿಮಗೆ ವಾರದ ಬಟ್ಟೆ ಒಗೆಯುವ ದಿನ, ತಲೆಗೆ ಎಣ್ಣೆ ಹಚ್ಚಿಕೊಂಡು ಒಂದು ಗಳಿಗೆ ಕೂರುವ ದಿನ. ಅದನ್ನೆಲ್ಲ ಬಿಟ್ಟು ಬಂದಿದ್ದೀರಿ. ಸಿಸ್ಟರ್ ಇವತ್ತು ಕೂಡ ಸಾಲ ಮರುಪಾವತಿ ಬಗ್ಗೆಯೇ ಮಾತಾಡ್ತಾರೆ ಅಂತ ಹಿಂದಿನ ಸಾಲಿನಲ್ಲಿ ಕೆಲವರು ಗುಸುಗುಸು ಮಾಡ್ತಿದ್ದೀರಿ, ನನಗೆ ಕೇಳಿಸಿತು. ಇವತ್ತು ಅದಿಲ್ಲ. ಇವತ್ತು ನಿಮ್ಮ ಮಕ್ಕಳ ವಿಷಯ. ಅದರಲ್ಲೂ ಕಾಲೇಜಿಗೆ ಹೋಗುವ ಮಕ್ಕಳ ವಿಷಯ.

ಹೋದ ವರ್ಷ ಒಂದು ಸಂಘದ ವಾರದ ಸಭೆ ಮುಗಿದ ಮೇಲೆ ಒಬ್ಬ ತಾಯಿ ಹಿಂದೆ ಉಳಿದರು. ಎಲ್ಲರೂ ಹೋಗುವ ತನಕ ಕಾದು, ಪಾಸ್‌ಬುಕ್ಕಿನ ಒಳಗಿಂದ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. ಅದು ಕಾಲೇಜಿನಿಂದ ಬಂದ ಒಪ್ಪಿಗೆ ಪತ್ರ. ಮಗಳು ಬಿ.ಕಾಂ. ಎರಡನೇ ವರ್ಷ. ಎನ್‌ಎಸ್‌ಎಸ್ ವಿಶೇಷ ಶಿಬಿರ, ಏಳು ದಿನ, ಮಾಗಡಿ ಕಡೆಯ ಒಂದು ಹಳ್ಳಿ, ಪೋಷಕರ ಸಹಿ ಬೇಕು.

"ಅವರಪ್ಪ ಸುತಾರಾಂ ಬೇಡ ಅಂತಾರೆ ಸಿಸ್ಟರ್. ಇವಳು ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಾ ಇಲ್ಲ. ಅಲ್ಲ, ಯಾವುದೋ ಹಳ್ಳಿ ಚರಂಡಿ ಬಳಿಯೋಕೆ ಅಂತ ನಾವು ಇವಳನ್ನ ಕಾಲೇಜಿಗೆ ಕಳಿಸಿದ್ದಾ? ನಾನು ಗಾರ್ಮೆಂಟ್ಸ್‌ನಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡಿರೋದು ಇದಕ್ಕಾ?"

ಅವರ ಕಣ್ಣಲ್ಲಿ ನೀರಿತ್ತು. ಸಿಟ್ಟೂ ಇತ್ತು. ಎರಡೂ ನ್ಯಾಯವೇ. ಇಲ್ಲಿ ಕೂತಿರುವ ಎಷ್ಟೋ ಜನರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೇ ಹೆಣ್ಣು ನಿಮ್ಮ ಮಗಳು. ಅವಳ ಕೈಗೆ ಮತ್ತೆ ಪೊರಕೆ ಬಂದರೆ ತಾಯಿಯ ಹೊಟ್ಟೆ ಉರಿಯದೆ ಇರುತ್ತದೆಯೇ? ನಾನು ಆಗಲೇ "ಕಳಿಸಿ" ಅಂತ ಹೇಳಲಿಲ್ಲ. "ಎರಡು ದಿನ ಟೈಮ್ ಕೊಡಿ, ಮಾತಾಡೋಣ" ಅಂದೆ. ಆವತ್ತು ಆ ತಾಯಿಯ ಹತ್ತಿರ ಮಾತಾಡಿದ್ದನ್ನೇ ಇವತ್ತು ನಿಮ್ಮೆಲ್ಲರ ಮುಂದೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಯಾಕೆಂದರೆ ಇಂಥ ಕಾಗದ ಈ ವರ್ಷ ಇನ್ನೂ ನಾಲ್ಕಾರು ಮನೆಗೆ ಬಂದಿದೆ ಅಂತ ಕೇಳಿದೆ.

ಮೊದಲು ಈ ಎನ್‌ಎಸ್‌ಎಸ್ ಅಂದರೆ ಏನು ಅಂತ ತಿಳಿದುಕೊಳ್ಳೋಣ. ರಾಷ್ಟ್ರೀಯ ಸೇವಾ ಯೋಜನೆ. ಗಾಂಧೀಜಿಯವರ ಜನ್ಮ ಶತಾಬ್ದಿ ವರ್ಷವಾದ 1969ರಲ್ಲಿ, ಸೆಪ್ಟೆಂಬರ್ 24ನೇ ತಾರೀಕು ಶುರುವಾಯಿತು. ಆಗ ದೇಶದ 37 ವಿಶ್ವವಿದ್ಯಾಲಯಗಳಲ್ಲಿ 40 ಸಾವಿರ ವಿದ್ಯಾರ್ಥಿಗಳು ಇದ್ದರು. ಈಗ ಲಕ್ಷ ಲಕ್ಷ ಲೆಕ್ಕದಲ್ಲಿ ಇದ್ದಾರೆ. ಇದನ್ನು ಆರಂಭ ಮಾಡಿದ ಕೇಂದ್ರ ಶಿಕ್ಷಣ ಮಂತ್ರಿ ಡಾ. ವಿ.ಕೆ.ಆರ್.ವಿ. ರಾವ್. ನಮ್ಮ ಬಳ್ಳಾರಿಯಿಂದ ಗೆದ್ದು ಲೋಕಸಭೆಗೆ ಹೋದವರು, ದೊಡ್ಡ ಅರ್ಥಶಾಸ್ತ್ರಜ್ಞರು. ಇಲ್ಲೇ ನಾಗರಭಾವಿಯಲ್ಲಿ, ಜ್ಞಾನಭಾರತಿ ಪಕ್ಕದಲ್ಲಿ, ಐಸೆಕ್ ಅಂತ ಒಂದು ಸಂಶೋಧನಾ ಸಂಸ್ಥೆ ಇದೆಯಲ್ಲ, ಅದನ್ನು 1972ರಲ್ಲಿ ಕಟ್ಟಿದವರೂ ಅವರೇ. ಆ ಕಡೆ ಮನೆಕೆಲಸಕ್ಕೆ ಹೋಗುವವರು ದಿನಾ ಆ ಗೇಟ್ ಮುಂದೆಯೇ ಹೋಗ್ತೀರಿ.

ನಿಯಮ ಏನು ಅಂದರೆ, ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಸಮಾಜಕ್ಕಾಗಿ ಕೆಲಸ ಮಾಡಬೇಕು. ಅದಲ್ಲದೆ ಒಂದು ಏಳು ದಿನದ ವಿಶೇಷ ಶಿಬಿರ. ಮಕ್ಕಳು ಎದೆಗೆ ಹಾಕಿಕೊಳ್ಳುವ ಬ್ಯಾಡ್ಜಿನಲ್ಲಿ ಒಂದು ಚಕ್ರ ಇದೆ ನೋಡಿ, ಅದು ಒಡಿಶಾದ ಕೋನಾರ್ಕ್ ಸೂರ್ಯ ದೇವಾಲಯದ ರಥದ ಚಕ್ರ. ಅದರ ಎಂಟು ಕಡ್ಡಿಗಳು ದಿನದ ಎಂಟು ಜಾವ. ಅಂದರೆ ಇಪ್ಪತ್ನಾಲ್ಕು ಗಂಟೆಯೂ ಸೇವೆಗೆ ಸಿದ್ಧ ಅಂತ. "ನನಗಲ್ಲ, ನಿನಗೆ" ಅನ್ನುವುದು ಧ್ಯೇಯವಾಕ್ಯ. ಹೇಳಲು ಸುಲಭ. ನಿಮ್ಮ ಮನೆಯಲ್ಲಿ ಇದನ್ನು ಯಾರು ದಿನಾ ಮಾಡ್ತಾರೆ ಅಂತ ನಾನು ಕೇಳುವುದಿಲ್ಲ, ನಗಬೇಡಿ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಚರಂಡಿ ಬಳಿಯುವುದಕ್ಕೂ ಓದಿಗೂ ಏನು ಸಂಬಂಧ?

ನಿಮ್ಮಲ್ಲಿ ಹಲವರು ಮೆಟ್ರೋದಲ್ಲಿ ಓಡಾಡ್ತೀರಿ. ಕೆಂಗೇರಿಯಲ್ಲಿ ಹತ್ತಿದರೆ ಊರ ಕಡೆಗೆ ಹೋಗುವಾಗ ಜ್ಞಾನಭಾರತಿ ಅನ್ನುವ ಸ್ಟೇಷನ್ ಬರುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಆವರಣದ ಹೆಸರು ಅದು. 1964ರಲ್ಲಿ ವಿಶ್ವವಿದ್ಯಾಲಯ ಶುರುವಾದಾಗ ಸೆಂಟ್ರಲ್ ಕಾಲೇಜಿನಲ್ಲಿತ್ತು. 1973ರಲ್ಲಿ ಈ ಕಡೆ, ಆಗ ಕುರುಚಲು ಕಾಡು, ಹೊಲ ಇದ್ದ ಜಾಗಕ್ಕೆ ಬರಲು ಆರಂಭಿಸಿತು. ಆಗ ಕುಲಪತಿಯಾಗಿದ್ದವರು ಡಾ. ಎಚ್. ನರಸಿಂಹಯ್ಯ. ಜನ ಪ್ರೀತಿಯಿಂದ ಎಚ್ಚೆನ್ ಅಂತ ಕರೆಯುತ್ತಿದ್ದರು. ಖಾದಿ ಜುಬ್ಬ, ಪಂಚೆ, ತಲೆಗೆ ಗಾಂಧಿ ಟೋಪಿ.

ಅವರ ಕಥೆಯನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಕುಲಪತಿ ಅಂದ ಕೂಡಲೇ ದೊಡ್ಡ ಮನೆತನ, ಕಾರು, ಬಂಗಲೆ ಅಂತ ನಾವು ಅಂದುಕೊಳ್ಳುತ್ತೇವೆ. ಅವರು ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರು ಅನ್ನುವ ಹಳ್ಳಿಯಲ್ಲಿ. ಆಗ ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. ತಂದೆ ಹಳ್ಳಿಯ ಕೂಲಿಮಠದ ಮೇಷ್ಟ್ರು. ತಾಯಿ ವೆಂಕಟಮ್ಮ ಓದು ಬರಹ ಇಲ್ಲದವರು, ಕೂಲಿ ಮಾಡಿ ಮನೆ ನಡೆಸಿದವರು. ನಿಮ್ಮ ಹಾಗೆಯೇ. ಹುಡುಗ ಊರಲ್ಲಿ ಇದ್ದಷ್ಟು ಓದು ಮುಗಿಸಿದ. ಮುಂದೆ ಓದಲು ಬೆಂಗಳೂರಿಗೆ ಬರಬೇಕು, ಬಸ್ಸಿಗೆ ಕಾಸಿಲ್ಲ. 1935ರಲ್ಲಿ ಆ ಹುಡುಗ ಗೌರಿಬಿದನೂರು ಸೀಮೆಯಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದ. ಎರಡು ದಿನದ ದಾರಿ. ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್ ಸೇರಿದ, ಬಡ ಹುಡುಗರ ಹಾಸ್ಟೆಲ್ಲಿನಲ್ಲಿ ಉಳಿದ.

ಮರುವರ್ಷ, 1936ರಲ್ಲಿ, ಗಾಂಧೀಜಿ ಆ ಶಾಲೆಗೆ ಬಂದರು. ಅವರು ಹಿಂದಿಯಲ್ಲಿ ಮಾತಾಡಿದ್ದನ್ನು ಕನ್ನಡಕ್ಕೆ ಹೇಳಲು ಒಬ್ಬರು ಬೇಕಿತ್ತು. ನಿಂತದ್ದು ಯಾರು? ಹೊಸೂರಿನಿಂದ ನಡೆದುಕೊಂಡು ಬಂದ ಈ ಹುಡುಗ. ಹದಿನಾರರ ಆಸುಪಾಸಿನ ವಯಸ್ಸು. ಅಷ್ಟು ಜನರ ಮುಂದೆ ಗಾಂಧೀಜಿ ಪಕ್ಕ ನಿಂತು ಮಾತಾಡುವಾಗ ಕಾಲು ನಡುಗಿರಬೇಕು. ನಡುಗಿದರೂ ನಿಂತ.

ಆಮೇಲೆ ಏನಾಯಿತು ಗೊತ್ತೇ? 1942ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಆನರ್ಸ್ ಓದುತ್ತಿದ್ದಾಗ "ಭಾರತ ಬಿಟ್ಟು ತೊಲಗಿ" ಚಳವಳಿ ಬಂತು. ಓದು ಬಿಟ್ಟು ಚಳವಳಿಗೆ ಧುಮುಕಿ ಜೈಲಿಗೆ ಹೋದರು. ಒಂದಲ್ಲ, ಮೈಸೂರು, ಬೆಂಗಳೂರು, ಪುಣೆಯ ಯರವಡಾ ಜೈಲುಗಳು. ಕೂಲಿ ಮಾಡಿ ಸಾಕಿದ ತಾಯಿಗೆ ಹೇಗೆ ಅನ್ನಿಸಿರಬಹುದು ಅಂತ ನಾನು ಎಷ್ಟೋ ಸಲ ಯೋಚನೆ ಮಾಡಿದ್ದೇನೆ. ಇವನ ಓದು ಹಾಳಾಯಿತು ಅಂತಲೇ ಊರವರು ಅಂದಿರುತ್ತಾರೆ. ಅಂದದ್ದರಲ್ಲಿ ತಪ್ಪೂ ಇಲ್ಲ, ಆ ಹೊತ್ತಿಗೆ ಹಾಗೇ ಕಾಣುತ್ತದೆ.

ಆದರೆ ಓದು ಹಾಳಾಗಲಿಲ್ಲ. ಹೊರಗೆ ಬಂದ ಮೇಲೆ ವಾಪಸ್ ಕಾಲೇಜಿಗೆ ಹೋಗಿ ಓದು ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟ್ರಾದರು. ಅಮೆರಿಕದ ಒಹಾಯೋ ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋಗಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದರು. ಪ್ರಿನ್ಸಿಪಾಲರಾದರು, ಕುಲಪತಿಯಾದರು. 1984ರಲ್ಲಿ ಪದ್ಮಭೂಷಣ ಬಂತು. ಇಷ್ಟೆಲ್ಲ ಆದರೂ ಮದುವೆ ಇಲ್ಲ, ಆಸ್ತಿ ಇಲ್ಲ, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಒಂದು ರೂಮಿನಲ್ಲಿ ಹುಡುಗರ ಜೊತೆಗೇ ಬದುಕಿದರು. ತನ್ನ ಹಾಗೆ ಇನ್ನೊಬ್ಬ ಹುಡುಗ ಓದಿಗಾಗಿ ಎರಡು ದಿನ ನಡೆಯಬಾರದು ಅನ್ನುವಂತೆ ಗೌರಿಬಿದನೂರು, ಬಾಗೇಪಲ್ಲಿಯಂಥ ಬರದ ಊರುಗಳಲ್ಲೇ ಕಾಲೇಜು ಆಗಲು ದುಡಿದರು. 2005ರ ಜನವರಿಯಲ್ಲಿ ತೀರಿಕೊಂಡರು. "ಹೋರಾಟದ ಹಾದಿ" ಅಂತ ಅವರ ಆತ್ಮಕಥೆ ಇದೆ, ಮಕ್ಕಳಿಗೆ ಲೈಬ್ರರಿಯಿಂದ ತಂದು ಓದಲು ಹೇಳಿ.

ಇಲ್ಲಿ ಒಂದು ಮಾತು. ಎಚ್ಚೆನ್ ವಿಚಾರವಾದಿಗಳು. ಪವಾಡಗಳನ್ನು ಪ್ರಶ್ನೆ ಮಾಡಿದವರು. ನಾನೋ ಕನ್ಯಾಸ್ತ್ರೀ, ಬೆಳಗ್ಗೆ ಎದ್ದರೆ ಪ್ರಾರ್ಥನೆ. ಎದುರುಬದುರು ಕೂತಿದ್ದರೆ ನಮ್ಮಿಬ್ಬರಿಗೆ ಒಳ್ಳೆ ವಾದವೇ ಆಗುತ್ತಿತ್ತು. ಆದರೆ ಬಡ ಮಕ್ಕಳಿಗಾಗಿ ಬದುಕನ್ನೇ ಕೊಟ್ಟವರ ಮುಂದೆ ನಾನು ತಲೆ ಬಾಗುತ್ತೇನೆ.

ನಾನು ಹೇಳಲು ಹೊರಟಿದ್ದು ಇಷ್ಟು: ಆ ಹುಡುಗ ಬರೀ ಪುಸ್ತಕದಿಂದ ಎಚ್ಚೆನ್ ಆಗಲಿಲ್ಲ. ಗಾಂಧೀಜಿ ಪಕ್ಕ ನಿಂತ ಆ ಹತ್ತು ನಿಮಿಷ, ಜೈಲಿನಲ್ಲಿ ಬೇರೆ ಬೇರೆ ಊರಿನವರ ಜೊತೆ ಕಳೆದ ತಿಂಗಳುಗಳು, ಇವೂ ಪಾಠವೇ. ಇವಕ್ಕೆ ಮಾರ್ಕ್ಸ್ ಕಾರ್ಡಿನಲ್ಲಿ ಜಾಗ ಇಲ್ಲ, ಅಷ್ಟೇ.

"ಅವರು ಗಂಡಸು ಸಿಸ್ಟರ್, ನಡೆದುಕೊಂಡಾದರೂ ಬರ್ತಾರೆ, ಜೈಲಿಗಾದರೂ ಹೋಗ್ತಾರೆ" ಅಂತ ಆ ತಾಯಿ ಆವತ್ತು ಅಂದರು. ಸರಿಯಾದ ಮಾತು. ಹಾಗಾದರೆ ಹೆಣ್ಣುಮಗಳ ಕಥೆಯನ್ನೇ ಕೇಳಿ.

ಉಮಾಬಾಯಿ ಕುಂದಾಪುರ. ಮಂಗಳೂರಿನಲ್ಲಿ 1892ರಲ್ಲಿ ಹುಟ್ಟಿದವರು. ಆ ಕಾಲದ ಪದ್ಧತಿಯಂತೆ ಇನ್ನೂ ಚಿಕ್ಕ ಹುಡುಗಿಯಾಗಿದ್ದಾಗಲೇ ಮದುವೆ. ಆದರೆ ಮಾವ ಒಳ್ಳೆಯವರು, ಸೊಸೆ ಓದಬೇಕು ಅಂತ ಹಟ ಹಿಡಿದವರು. ಮದುವೆ ಆದ ಮೇಲೆ ಓದಿ ಮೆಟ್ರಿಕ್ ಪಾಸಾದರು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡರು. ವಿಧವೆಯಾದ ಹೆಣ್ಣನ್ನು ಮೂಲೆಗೆ ಕೂರಿಸುತ್ತಿದ್ದ ಕಾಲ ಅದು. ಅವರು ಮೂಲೆಯಲ್ಲಿ ಕೂರಲಿಲ್ಲ. ಹುಬ್ಬಳ್ಳಿಗೆ ಬಂದು ಹೆಣ್ಣುಮಕ್ಕಳ ಶಾಲೆ ನೋಡಿಕೊಂಡರು, ಡಾ. ಹರ್ಡೀಕರರ ಹಿಂದೂಸ್ತಾನಿ ಸೇವಾದಳದ ಮಹಿಳಾ ವಿಭಾಗಕ್ಕೆ ಮುಂದಾಳಾದರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತಲ್ಲ, ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ, ಅದಕ್ಕೆ ಊರೂರು ತಿರುಗಿ ನೂರಕ್ಕೂ ಹೆಚ್ಚು ಮಹಿಳಾ ಸ್ವಯಂಸೇವಕಿಯರನ್ನು ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರು, ಹೊಸಿಲು ದಾಟಿ ಅಭ್ಯಾಸವೇ ಇಲ್ಲದವರೂ ಇದ್ದರು.

ನೂರು ವರ್ಷದ ಹಿಂದಿನ ಮಾತು ಇದು. ಮೊಬೈಲ್ ಇಲ್ಲ, "ತಲುಪಿದೆ ಅಮ್ಮ" ಅಂತ ಮೆಸೇಜ್ ಇಲ್ಲ. ಆ ಒಬ್ಬೊಬ್ಬರ ಮನೆಯಲ್ಲೂ ಯಾರೋ ಒಬ್ಬರು "ಆಯಿತು, ಹೋಗಿ ಬಾ" ಅಂದಿರಬೇಕಲ್ಲ? ಉಮಾಬಾಯಿ ಹೆಸರು ಪುಸ್ತಕದಲ್ಲಿದೆ. ಹೋಗಿ ಬಾ ಅಂದವರ ಹೆಸರು ಎಲ್ಲೂ ಇಲ್ಲ.

ಇನ್ನು ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ನಾನು ಎಂ.ಎಸ್.ಡಬ್ಲ್ಯು. ಓದುವಾಗ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ ಅಂತ ಇರುತ್ತಿತ್ತು. ನನ್ನನ್ನು ಒಂದು ಕಾಲೋನಿಗೆ ಹಾಕಿದ್ದರು. ಮೊದಲನೇ ದಿನವೇ ಚಾರ್ಟ್ ಪೇಪರ್ ನೇತು ಹಾಕಿಕೊಂಡು ಬಸುರಿ ಹೆಂಗಸರು ಏನು ತಿನ್ನಬೇಕು ಅಂತ ಅರ್ಧ ಗಂಟೆ ಭಾಷಣ ಮಾಡಿದೆ. ಹಾಲು, ಮೊಟ್ಟೆ, ಹಣ್ಣು, ಸೊಪ್ಪು. ಎಲ್ಲರೂ ತಲೆ ಆಡಿಸಿದರು. ನಾನು ಬಹಳ ಚೆನ್ನಾಗಿ ಮಾತಾಡಿದೆ ಅಂದುಕೊಂಡೆ. ಕೊನೆಗೆ ಎಲೆಅಡಿಕೆ ಹಾಕಿಕೊಂಡಿದ್ದ ಒಬ್ಬ ಅಜ್ಜಿ ಕೇಳಿದರು: "ಎಲ್ಲ ಸರಿ ಕಣವ್ವ, ಇದನ್ನ ಮನೇಲಿ ಯಾರಿಗೂ ಹೇಳದೆ ತಿನ್ನೋದಾ, ಹೇಳಿ ತಿನ್ನೋದಾ?" ನನಗೆ ಉತ್ತರ ಗೊತ್ತಿರಲಿಲ್ಲ. ಮನೆಯಲ್ಲಿ ಎಲ್ಲರದ್ದೂ ಆದ ಮೇಲೆ ಉಳಿದದ್ದನ್ನು ಉಣ್ಣುವ ಹೆಂಗಸಿಗೆ ನಾನು ಮೊಟ್ಟೆ ತಿನ್ನು ಅಂತ ಪಾಠ ಮಾಡುತ್ತಿದ್ದೆ! ಮುಂದಿನ ವಾರ ಚಾರ್ಟ್ ಒಯ್ಯಲಿಲ್ಲ. ಕೂತು ಕೇಳಿದೆ. ಆ ಅಜ್ಜಿ ನನಗೆ ಕಲಿಸಿದ್ದು ಎರಡು ವರ್ಷದ ಯಾವ ಕ್ಲಾಸಿನಲ್ಲೂ ಸಿಗಲಿಲ್ಲ. ಈಗಲೂ ಯಾವ ಸಂಘಕ್ಕೆ ಹೋದರೂ ಮೊದಲ ಹತ್ತು ನಿಮಿಷ ನಾನು ಬಾಯಿ ಬಿಡುವುದಿಲ್ಲ, ನೀವು ಗಮನಿಸಿರಬಹುದು. ಇವತ್ತು ಬಿಡಿ, ಮೈಕು ಕೊಟ್ಟುಬಿಟ್ಟಿದ್ದೀರಿ.

ವ್ಯಕ್ತಿತ್ವ ವಿಕಸನ, ನಾಯಕತ್ವ ತರಬೇತಿ ಅಂತ ಈಗ ದುಡ್ಡು ಕಟ್ಟಿ ಕಲಿಯುವ ಕೋರ್ಸುಗಳು ಬಂದಿವೆ. ಇಂಗ್ಲಿಷಿನಲ್ಲಿ ಹೇಗೆ ಮಾತಾಡಬೇಕು, ಹೇಗೆ ಕೈ ಕುಲುಕಬೇಕು, ಎಲ್ಲ ಹೇಳಿಕೊಡುತ್ತಾರೆ. ತಪ್ಪು ಅನ್ನುವುದಿಲ್ಲ. ಆದರೆ ನಾಯಕತ್ವ ಹೇಗೆ ಬರುತ್ತದೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀವೇ ಅದನ್ನು ಮಾಡಿ ನೋಡಿದ್ದೀರಿ.

ಸಂಘ ಶುರುವಾದ ಮೊದಲ ವಾರ ನೆನಪು ಮಾಡಿಕೊಳ್ಳಿ. ಹೆಸರು ಹೇಳಿ ಅಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಕ್ಕದವರ ಮುಖ ನೋಡುತ್ತಿದ್ದಿರಿ. ಒಂದನೇ ಪ್ರತಿನಿಧಿ ಯಾರಾಗ್ತೀರಿ ಅಂದರೆ "ನಾನೊಲ್ಲೆ, ನನಗೆ ಬರಲ್ಲ" ಅಂತ ಎಲ್ಲರೂ. ಊದುಬತ್ತಿ ಹೊಸೆದು ಹೊಸೆದು ಬೆರಳು ಕಪ್ಪಾದ ಒಬ್ಬ ಅಕ್ಕ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಬ್ಯಾಂಕಿಗೆ ಮೊದಲ ಸಲ ಹೋದಾಗ ಒಳಗೆ ಚಪ್ಪಲಿ ಹಾಕಿಕೊಂಡು ಹೋಗಬಹುದಾ ಅಂತ ಕೇಳಿದ್ದರು. ಈಗ ಮ್ಯಾನೇಜರ್ ಸಾಲದ ಅರ್ಜಿ ತಡ ಮಾಡಿದರೆ "ಯಾವ ದಾಖಲೆ ಕಡಿಮೆ ಇದೆ ಅಂತ ಬರೆದು ಕೊಡಿ ಸಾರ್" ಅಂತ ಕೇಳುತ್ತಾರೆ. ಇದು ಯಾವ ಕೋರ್ಸಿನಿಂದ ಬಂತು? ಹದಿನೈದು ಇಪ್ಪತ್ತು ಜನರ ದುಡ್ಡು ನಿಮ್ಮ ಕೈಯಲ್ಲಿತ್ತು. ನೀವು ಬಾಯಿ ಬಿಡದಿದ್ದರೆ ಅವರಿಗೆ ನಷ್ಟ ಆಗುತ್ತಿತ್ತು. ಅದಕ್ಕೇ ಬಾಯಿ ಬಂತು. ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂತು, ಅದಕ್ಕೂ ಮೊದಲು 1992ರಲ್ಲಿ ನಬಾರ್ಡ್ ಬ್ಯಾಂಕ್ ಜೋಡಣೆ ಶುರು ಮಾಡಿತ್ತು. ಅಂದಿನಿಂದ ಉಳಿತಾಯದ ಲೆಕ್ಕ ಎಲ್ಲರೂ ಬರೆದಿಟ್ಟಿದ್ದಾರೆ. ಬಾಯಿ ಬಂದವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಮಗಳಿಗೂ ಹೀಗೇ. ತನ್ನ ಮೇಲೆ ಯಾರಾದರೂ ಭರವಸೆ ಇಟ್ಟಿದ್ದಾರೆ ಅಂತ ಗೊತ್ತಾದ ದಿನ ಅವಳು ಬೆಳೆಯುತ್ತಾಳೆ. ಮನೆಯಲ್ಲಿ ನಾವು ಅವಳನ್ನು ಕಾಯುತ್ತೇವೆ, ಅವಳಿಗೆ ಬಡಿಸುತ್ತೇವೆ, ಅವಳ ಪರವಾಗಿ ನಾವೇ ಮಾತಾಡುತ್ತೇವೆ. ಪ್ರೀತಿಯಿಂದಲೇ. ಆದರೆ ಹೀಗೆ ಇಪ್ಪತ್ತು ವರ್ಷ ಮಾಡಿ, ಇಪ್ಪತ್ತೊಂದನೇ ವರ್ಷ ಇಂಟರ್‌ವ್ಯೂಗೆ ಕೂರಿಸಿ "ಧೈರ್ಯವಾಗಿ ಮಾತಾಡು" ಅಂದರೆ ಎಲ್ಲಿಂದ ಮಾತಾಡಬೇಕು ಆ ಮಗು?

ಹಾಗಂತ ಕಣ್ಣು ಮುಚ್ಚಿ ಸಹಿ ಹಾಕಿ ಅಂತ ನಾನು ಹೇಳುವುದಿಲ್ಲ. ಸಂಘದಲ್ಲಿ ಸಾಲ ಕೊಡುವಾಗ ಹತ್ತು ಪ್ರಶ್ನೆ ಕೇಳ್ತೀರಿ, ಮಗಳನ್ನು ಕಳಿಸುವಾಗ ಕೇಳಬಾರದೇ? ಜೊತೆಯಲ್ಲಿ ಮಹಿಳಾ ಅಧ್ಯಾಪಕರು ಯಾರು ಬರುತ್ತಾರೆ, ಏಳೂ ದಿನ ಅಲ್ಲೇ ಇರುತ್ತಾರಾ, ಇಲ್ಲ ಫೋಟೋ ತೆಗೆಸಿಕೊಂಡು ವಾಪಸ್ ಬರುತ್ತಾರಾ? ಹೆಣ್ಣುಮಕ್ಕಳು ಮಲಗುವುದು ಎಲ್ಲಿ, ಬಾಗಿಲಿಗೆ ಚಿಲಕ ಇದೆಯಾ, ಟಾಯ್ಲೆಟ್ ಎಷ್ಟು ದೂರ, ನೀರು ಇದೆಯಾ? ಮುಟ್ಟಾದರೆ ಏನು ವ್ಯವಸ್ಥೆ? ಇದನ್ನು ಕೇಳಲು ನಾಚಿಕೆ ಬೇಡ. ಹುಷಾರಿಲ್ಲದಿದ್ದರೆ ಹತ್ತಿರದ ಆಸ್ಪತ್ರೆ ಯಾವುದು? ಕಾರ್ಯಕ್ರಮಾಧಿಕಾರಿ ಅಂತ ಇರುತ್ತಾರೆ, ಎನ್‌ಎಸ್‌ಎಸ್ ಜವಾಬ್ದಾರಿ ಹೊತ್ತ ಅಧ್ಯಾಪಕರು, ಅವರ ನಂಬರ್ ಬರೆದುಕೊಳ್ಳಿ. ಶಿಬಿರಕ್ಕೆ ಸರ್ಕಾರದ ಅನುದಾನ ಇರುತ್ತದೆ, ಹಾಗಾಗಿ ಯಾರಾದರೂ ದೊಡ್ಡ ಮೊತ್ತ ಕೇಳಿದರೆ ಯಾಕೆ ಅಂತ ಕೇಳಿ. ಇನ್ನೊಂದು, 2013ರ ಕಾನೂನಿನ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳಲು ಕಾಲೇಜಿನಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದರಲ್ಲಿ ಯಾರಿದ್ದಾರೆ ಅಂತ ಮಗಳಿಗೆ ಗೊತ್ತಾ ಅಂತ ವಿಚಾರಿಸಿ. ಗೊತ್ತಿಲ್ಲದಿದ್ದರೆ ಅವಳೇ ಹೋಗಿ ಕೇಳಿಕೊಂಡು ಬರಲಿ. ಅದೂ ನಾಯಕತ್ವವೇ.

ಎಲ್ಲ ಶಿಬಿರವೂ ಒಳ್ಳೆಯದಾಗಿರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬ್ಯಾನರ್ ಕಟ್ಟಿ, ಗುಡಿಸಿದ ರಸ್ತೆಯನ್ನೇ ಮತ್ತೆ ಗುಡಿಸಿ, ಸರ್ಟಿಫಿಕೇಟ್ ಹಂಚಿ ಮುಗಿಸಿದ್ದನ್ನು ನಾನು ನೋಡಿದ್ದೇನೆ. ನೆಟ್ಟ ಗಿಡಕ್ಕೆ ಎರಡನೇ ದಿನ ನೀರು ಹಾಕುವವರು ಇರುವುದಿಲ್ಲ. ಒಳ್ಳೆಯ ಕೆಲಸವೂ ನಡೆಯುತ್ತದೆ. ಇಲ್ಲೇ ಜ್ಞಾನಭಾರತಿ ಆವರಣದಲ್ಲಿ ಬಯೋ ಪಾರ್ಕ್ ಇದೆಯಲ್ಲ, ಅಲ್ಲಿ ಗಿಡ ನೆಟ್ಟು ಬೆಳೆಸುವುದರಲ್ಲಿ ಎನ್‌ಎಸ್‌ಎಸ್ ಮಕ್ಕಳ ಬೆವರೂ ಇದೆ. ಆದ್ದರಿಂದ ಮಗಳು ವಾಪಸ್ ಬಂದಾಗ "ಊಟ ಚೆನ್ನಾಗಿತ್ತಾ" ಅಂತ ಮಾತ್ರ ಕೇಳಬೇಡಿ. ಯಾರ ಮನೆಗೆ ಹೋದೆ, ಏನು ಕೇಳಿದೆ, ಯಾರು ಬೈದರು, ನಿನಗೆ ಏನು ಗೊತ್ತಾಗಲಿಲ್ಲ ಅಂತ ಕೇಳಿ. ಹೇಳಲು ಏನೂ ಇಲ್ಲದಿದ್ದರೆ ಆ ಶಿಬಿರ ಸುಮ್ಮನೆ ಆಗಿದೆ ಅಂತ ಅರ್ಥ.

ಗಂಡುಮಕ್ಕಳ ತಾಯಂದಿರು ನಗುತ್ತಾ ಕೂತಿದ್ದೀರಿ. ನಿಮ್ಮ ಮಗನನ್ನಂತೂ ಖಂಡಿತ ಕಳಿಸಿ. ಅಲ್ಲಿ ಪಾಳಿ ಪ್ರಕಾರ ಅಡುಗೆ, ಪಾತ್ರೆ ತೊಳೆಯುವುದು, ಕಕ್ಕಸು ತೊಳೆಯುವುದು ಎಲ್ಲ ಇರುತ್ತದೆ. ಒಬ್ಬ ತಾಯಿ ಹೇಳಿದರು, ಶಿಬಿರದಿಂದ ಬಂದ ಮಗ ಊಟ ಮಾಡಿದ ತಟ್ಟೆ ತಾನೇ ಎತ್ತಿಕೊಂಡು ಹೋಗಿ ತೊಳೆದಿಟ್ಟ, ನನಗೆ ಜ್ವರ ಬಂತೇನೋ ಅಂತ ಹಣೆ ಮುಟ್ಟಿ ನೋಡಿಕೊಂಡೆ ಅಂತ. ಒಂದು ವಾರ ತೊಳೆದನಂತೆ. ಆಮೇಲೆ ನಿಲ್ಲಿಸಿದ. ನೀವು ಬಿಡಬಾರದಿತ್ತು ಅಂತ ನಾನು ಬೈದೆ.

ಇನ್ನು, ಆ ಮಡಚಿದ ಕಾಗದದ ಕಥೆ ಏನಾಯಿತು ಅಂತ ನಿಮಗೆ ಕುತೂಹಲ ಇರಬೇಕು. ನಾನು ಆ ಮನೆಗೆ ಹೋದೆ. ಅಪ್ಪ ಆಟೋ ಓಡಿಸುವವರು, ಒಳ್ಳೆಯ ಮನುಷ್ಯ, ಆದರೆ ಹೆದರಿಕೆ. "ನಾನು ದಿನಾ ರೋಡಲ್ಲಿರೋನು ಸಿಸ್ಟರ್, ಜನ ಹೇಗಿದ್ದಾರೆ ಅಂತ ನೋಡ್ತಾನೇ ಇದ್ದೀನಿ" ಅಂದರು. ನಾನು ವಾದ ಮಾಡಲಿಲ್ಲ. ಆಗ ಹೇಳಿದ ಪ್ರಶ್ನೆಗಳನ್ನೇ ಮಗಳ ಕೈಯಲ್ಲಿ ಒಂದು ಹಾಳೆಯಲ್ಲಿ ಬರೆಸಿದೆ. ಅವಳು ಕಾಲೇಜಿಗೆ ಹೋಗಿ ಒಂದೊಂದಕ್ಕೂ ಉತ್ತರ ಬರೆಸಿಕೊಂಡು ಬಂದಳು. ಟಾಯ್ಲೆಟ್ ಪ್ರಶ್ನೆಗೆ ಉತ್ತರ ಸರಿ ಇರಲಿಲ್ಲ, ಎರಡನೇ ಸಲ ಹೋಗಿ ಕೇಳಿದಳು. ಆ ಹಾಳೆಯನ್ನು ಅಪ್ಪ ಆಟೋದಲ್ಲೇ ಕೂತು ಮೂರು ಸಲ ಓದಿದರು. ನಾಲ್ಕನೇ ದಿನ ನಾನೇ ಬಂದು ನೋಡ್ತೀನಿ ಅನ್ನುವ ಷರತ್ತಿನ ಮೇಲೆ ಸಹಿ ಹಾಕಿದರು.

ಶಿಬಿರದಲ್ಲಿ ಮನೆ ಮನೆ ಸಮೀಕ್ಷೆಗೆ ಅವಳನ್ನು ಹಾಕಿದರಂತೆ. ಮೊದಲನೇ ಮನೆಯ ಬಾಗಿಲಲ್ಲಿ ನಿಂತು ಒಂದು ಮಾತೂ ಬಾರದೆ ವಾಪಸ್ ಬಂದಳಂತೆ. ಮೂರನೇ ದಿನ ಒಬ್ಬ ವಯಸ್ಸಾದ ಅಮ್ಮನ ಮನೆ. ಎಂಟು ತಿಂಗಳಿಂದ ವಿಧವಾ ವೇತನ ಬಂದಿಲ್ಲ, ಯಾಕೆ ಅಂತ ಗೊತ್ತಿಲ್ಲ, ಕೇಳಲು ಹೋದರೆ ನಾಳೆ ಬಾ ಅಂತಾರೆ. ಇವಳು ಪಾಸ್‌ಬುಕ್ ತೆಗೆಸಿ ನೋಡಿದಳು. ಅಮ್ಮನ ಸಂಘದ ಪಾಸ್‌ಬುಕ್ ನೋಡಿ ನೋಡಿ ಅಭ್ಯಾಸ ಇತ್ತಲ್ಲ. ಆಧಾರ್ ಜೋಡಣೆಯಲ್ಲಿ ಏನೋ ತೊಡಕು ಆಗಿತ್ತು. ಅರ್ಜಿ ಬರೆದಳು, ಮಾರನೇ ದಿನ ಟೀಚರ್ ಜೊತೆ ನಾಡಕಚೇರಿಗೆ ಹೋದಳು. ಒಂದು ದಾಖಲೆ ಇಲ್ಲ ಅಂತ ಅರ್ಜಿ ವಾಪಸ್ ಬಂತು. ಮತ್ತೆ ಹೋದಳು. ನಾಲ್ಕನೇ ದಿನ ಮಗಳನ್ನು ನೋಡಲು ಹೋದ ಅಪ್ಪ ಅವಳನ್ನೂ ಆ ಅಮ್ಮನನ್ನೂ ತಮ್ಮ ಆಟೋದಲ್ಲೇ ಕಚೇರಿಗೆ ಕರೆದುಕೊಂಡು ಹೋದರು. ಮೀಟರ್ ಹಾಕಲಿಲ್ಲ ಅಂತ ನನಗೆ ಮೂರು ಸಲ ಹೇಳಿದ್ದಾರೆ.

ಆ ವೇತನ ಆಮೇಲೆ ಬಂತು, ಆದರೆ ಹಳೆಯ ತಿಂಗಳುಗಳದ್ದು ಇನ್ನೂ ಬಂದಿಲ್ಲ. ಹುಡುಗಿ ತಿಂಗಳಿಗೊಮ್ಮೆ ಆ ಅಮ್ಮನ ಪಕ್ಕದ ಮನೆಗೆ ಫೋನ್ ಮಾಡಿ ವಿಚಾರಿಸುತ್ತಾಳೆ. ಶಿಬಿರದಿಂದ ಬರುವಾಗ ಶೀತ ಜ್ವರ ತಂದುಕೊಂಡಳು, ಮುಂದಿನ ಇಂಟರ್ನಲ್ ಟೆಸ್ಟಿನಲ್ಲಿ ಸ್ವಲ್ಪ ಮಾರ್ಕ್ಸ್ ಕಮ್ಮಿಯಾಯಿತು, ತಾಯಿ ನನ್ನ ಮೇಲೆ ಒಂದು ವಾರ ಮುನಿಸಿಕೊಂಡಿದ್ದರು. ಅದನ್ನು ನಾನು ಮುಚ್ಚಿಡುವುದಿಲ್ಲ. ಫೈನಲ್ ಪರೀಕ್ಷೆಯಲ್ಲಿ ಸರಿ ಮಾಡಿಕೊಂಡಳು. ಈಗ ಭಾನುವಾರ ತಾಯಿಯ ಸಂಘದ ಲೆಕ್ಕ ತಾಳೆ ನೋಡುತ್ತಾಳೆ. ಒಳಸಾಲದ ಬಡ್ಡಿ ಲೆಕ್ಕದಲ್ಲಿ 340 ರೂಪಾಯಿ ವ್ಯತ್ಯಾಸ ಹುಡುಕಿ ಕೊಟ್ಟಳು. ತಪ್ಪು ಬರೆದದ್ದು ಅವಳ ತಾಯಿಯೇ! ಸಭೆಯಲ್ಲಿ ಎಲ್ಲರ ಮುಂದೆ ಹೇಳಬೇಕಾ ಬೇಡವಾ ಅಂತ ತಾಯಿ ಮಗಳಿಗೆ ರಾತ್ರಿಯೆಲ್ಲ ಚರ್ಚೆ ಆಯಿತಂತೆ. ಹೇಳಿದರು. ನಡಾವಳಿ ಪುಸ್ತಕದಲ್ಲಿ ಬರೆದಿದ್ದಾರೆ, ನಾನು ನೋಡಿದ್ದೇನೆ.

ಈ ಸಲದ ಒಪ್ಪಿಗೆ ಪತ್ರ ಬಂದಿರುವವರು ಟೀ ಕುಡಿದ ಮೇಲೆ ಹೋಗಿಬಿಡಬೇಡಿ. ಆ ಹುಡುಗಿ ಹೋದ ವರ್ಷ ಬರೆದ ಪ್ರಶ್ನೆಗಳ ಹಾಳೆಯನ್ನು ಜೆರಾಕ್ಸ್ ಮಾಡಿಸಿ ತಂದಿದ್ದೇನೆ. ಅವಳೂ ಬಂದಿದ್ದಾಳೆ, ಅಗೋ ಬಾಗಿಲ ಹತ್ತಿರ ಚಾಪೆ ಮಡಚಿ ಇಡುತ್ತಿದ್ದಾಳೆ. ಕೇಳಬೇಕಾದ್ದನ್ನು ಅವಳನ್ನೇ ಕೇಳಿ.